ಓದಿನ ಸಾಲ, ಬೆಳಗಿನ ಬಸ್ಸು

ನನ್ನ ಅಪ್ಪ ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದರು. ನಮ್ಮ ಮನೆ ಜಾವಗಲ್‌ನಲ್ಲಿ, ಅದೇ ದಾರಿಯಲ್ಲಿ ಇತ್ತು. ಹಾಗಾಗಿ ಅಪ್ಪ ದಿನಕ್ಕೆ ಹಲವು ಸಲ ಮನೆಯ ಮುಂದೆಯೇ ಹಾದುಹೋಗುತ್ತಿದ್ದರು, ಆದರೆ ಮನೆಯೊಳಗೆ ಬರುತ್ತಿದ್ದುದು ಸಂಜೆ ಮಾತ್ರ. ಅವ್ವ ಏನಾದರೂ ಹೇಳುವುದಿದ್ದರೆ ಬಸ್ ನಿಲ್ಲುವ ಕಡೆ ಹೋಗಿ, ಬಾಗಿಲ ಬಳಿ ನಿಂತು ಹೇಳುತ್ತಿದ್ದಳು. ನಾನು ಪಿಯುಸಿ ಪಾಸಾದ ಸುದ್ದಿಯನ್ನೂ ಹಾಗೆಯೇ ಹೇಳಿದ್ದು. ಅಪ್ಪ "ರೈಟ್" ಅಂದರಂತೆ. ಅದು ತನಗೆ ಹೇಳಿದ್ದೋ ಡ್ರೈವರಿಗೆ ಹೇಳಿದ್ದೋ ಅವ್ವನಿಗೆ ಕೊನೆಗೂ ಗೊತ್ತಾಗಲಿಲ್ಲ.

ಬಿ.ಕಾಂ. ಮಾಡಿದ್ದು ಅರಸೀಕೆರೆಯಲ್ಲಿ. ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದಿನಾ ಅಪ್ಪನ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆ. ನಾನು ಪಾಸಾಗುವ ಹೊತ್ತಿಗೆ ಅಪ್ಪನಿಗೆ ಆ ಡಿಗ್ರಿಯ ಮೇಲೆ ನಂಬಿಕೆ ಹೋಗಿತ್ತು.

"ನಮ್ಮ ಬಸ್ಸಿನ ಟಾಪ್ ಮೇಲೆ ಕೂರೋ ಹುಡುಗ್ರೆಲ್ಲ ಬಿ.ಕಾಂ. ಕಣವ್ವಾ" ಅಂದರು. "ಒಳಗಡೆ ಸೀಟು ಬೇಕು ಅಂದ್ರೆ ಇನ್ನೂ ಏನಾದ್ರೂ ಓದ್ಬೇಕು."

ಎಂ.ಬಿ.ಎ. ಎಂಬ ಮಾತು ಅವರಿಗೆ ಸಿಕ್ಕಿದ್ದೂ ಬಸ್ಸಿನಲ್ಲೇ. ಹಾಸನದ ಕಡೆಯ ಯಾರದೋ ಮಗ ಅದನ್ನು ಓದಿದ್ದನಂತೆ. ಕಂಪನಿಯವರು ದಿನಾ ಬೆಳಿಗ್ಗೆ ಮನೆಗೇ ಕಾರು ಕಳಿಸಿ ಅವನನ್ನು ಕರೆಸಿಕೊಳ್ಳುತ್ತಾರಂತೆ. ಬಸ್ಸಿನಲ್ಲಿ ದುಡಿಯುವವರಿಗೆ ಕಾರು ಕಳಿಸುವ ಮಾತು ಬೇಗ ನಾಟುತ್ತದೆ. ಆ ಸಂಜೆ ಅಪ್ಪ ಕೈಕಾಲು ತೊಳೆಯುವ ಮೊದಲೇ ನನ್ನ ಮುಂದಿನ ಓದು ತೀರ್ಮಾನವಾಯಿತು.

ಅದಕ್ಕೆ ಬೇಕಾದ ಸಾಲ ಕೂಡ ಬಸ್ಸಿನಲ್ಲೇ ಸಿಕ್ಕಿತು. ಹಳೇಬೀಡಿನ ಬ್ಯಾಂಕೊಂದರ ಫೀಲ್ಡ್ ಆಫೀಸರ್ ಒಬ್ಬರು ಅರಸೀಕೆರೆಯಲ್ಲಿ ಮನೆ ಮಾಡಿಕೊಂಡು ದಿನಾ ಬೆಳಿಗ್ಗೆ ಈ ಬಸ್ಸಿನಲ್ಲಿ ಬರುತ್ತಿದ್ದರು. ಸಾಧು ಮನುಷ್ಯ. ಡ್ರೈವರ್ ಹಿಂದಿನ ಕಿಟಕಿ ಸೀಟು ಅವರದ್ದು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಒಂದು ದಿನ ಅಪ್ಪ ಟಿಕೆಟ್ ಹರಿಯುತ್ತಾ ಕೇಳಿದರಂತೆ.

"ಸಾರ್, ಎಮ್ಮೆಗೆ ಸಾಲ ಕೊಡ್ತೀರಿ, ಟಿಲ್ಲರ್‌ಗೆ ಕೊಡ್ತೀರಿ. ಮಗಳಿಗೆ ಕೊಡ್ತೀರಾ?"

"ಕೊಡ್ತೀವಿ ಕಂಡಕ್ಟ್ರೇ. ಓದೋಕೆ ಅಂತಾನೇ ಈಗ ಹೊಸ ಸ್ಕೀಮ್ ಬಂದಿದೆ. ಕರ್ಕೊಂಡು ಬನ್ನಿ."

ಜಾವಗಲ್‌ನಲ್ಲೂ ಬ್ಯಾಂಕ್ ಇತ್ತು. ಆದರೆ ಅಲ್ಲಿಯವರು ಯಾರೂ ಅಪ್ಪನ ಬಸ್ಸಿನಲ್ಲಿ ಓಡಾಡುತ್ತಿರಲಿಲ್ಲ. ಹಾಗಾಗಿ ಹಳೇಬೀಡಿಗೇ ಹೋದೆವು. ಆಫೀಸರ್ ನನ್ನ ಅಂಕಪಟ್ಟಿಗಳನ್ನು ತಿರುವಿ ನೋಡಿ, "ಓದು ಮುಗಿದ ಮೇಲೆ ಏನ್ ಮಾಡ್ತೀಯಮ್ಮ?" ಎಂದು ಕೇಳಿದರು.

"ಕೆಲಸ ಮಾಡ್ತೀನಿ ಸರ್."

"ಎಲ್ಲಿ?"

"ಸಿಕ್ಕಿದ ಕಡೆ ಸರ್."

ಅವರು ತುಂಬಾ ಹೊತ್ತು ಏನೋ ಬರೆದುಕೊಂಡರು. ನನ್ನ ಉತ್ತರ ಇದ್ದದ್ದು ಮೂರೇ ಪದ.

ಬ್ಯಾಂಕಿನ ಸಾಲ ಫೀಸಿಗೆ ಸರಿಹೋಯಿತು. ಹಾಸ್ಟೆಲ್ ಖರ್ಚು ಉಳಿಯಿತು. ಅದನ್ನು ನನ್ನ ಚಿಕ್ಕಪ್ಪ, ಅಪ್ಪನ ತಮ್ಮ, ನೋಡಿಕೊಂಡರು. ಅವರು ಗೆಂಡೆಹಳ್ಳಿ ಕಡೆ ಬೇಸಾಯ ಮಾಡಿಕೊಂಡಿದ್ದರು. ಆಲೂಗಡ್ಡೆ ಹಾಕುತ್ತೇನೆಂದು ಸೊಸೈಟಿಯಲ್ಲಿ ಬೆಳೆ ಸಾಲ ತೆಗೆದು, ಆ ದುಡ್ಡನ್ನು ತಂದು ಅವ್ವನ ಕೈಗೆ ಕೊಟ್ಟರು. ಆ ವರ್ಷ ಚಿಕ್ಕಪ್ಪ ಆಲೂಗಡ್ಡೆ ಹಾಕಲಿಲ್ಲ. ನಾನು ತುಮಕೂರಿನಲ್ಲಿ ಹಾಸ್ಟೆಲ್ ಸೇರಿದೆ.

ಕಾಲೇಜು ಹೊಸದು. ಕಟ್ಟಡದ ಒಂದು ಕಡೆ ಪಾಠ ನಡೆಯುತ್ತಿದ್ದರೆ ಇನ್ನೊಂದು ಕಡೆ ಸೆಂಟ್ರಿಂಗ್ ನಡೆಯುತ್ತಿತ್ತು. ಸೋಪು ಮಾರುವ ಪರದೇಶದ ಎರಡು ಕಂಪನಿಗಳ ಜಗಳದ ಬಗ್ಗೆ ನಾವು ಒಂದು ಇಡೀ ಸೆಮಿಸ್ಟರ್ ಚರ್ಚೆ ಮಾಡಿದೆವು. ಅವುಗಳಲ್ಲಿ ಒಂದಕ್ಕೆ ನಾನು ಒಳ್ಳೆಯ ಸಲಹೆಯನ್ನೇ ಕೊಟ್ಟೆ ಎಂದು ಈಗಲೂ ಅನಿಸುತ್ತದೆ. ಇಂಗ್ಲಿಷ್ ನನಗೆ ಕಷ್ಟವಾಗಿತ್ತು. ಆದರೆ ಪಾಠ ಮಾಡುವವರಿಗೂ ಅದು ಅಷ್ಟು ಸುಲಭವಾಗಿರದ ಕಾರಣ ನಡುವೆ ಎಲ್ಲೋ ಒಂದು ಕಡೆ ಒಬ್ಬರಿಗೊಬ್ಬರು ಸಿಗುತ್ತಿದ್ದೆವು. ಕೊನೆಯ ವರ್ಷ ಒಂದು ಕಂಪನಿಯವರು ಸಂದರ್ಶನಕ್ಕೆ ಬಂದರು. ನನ್ನನ್ನು ಕೂರಿಸಿ, "ಬೈಕ್ ಇದೆಯಾ?" ಎಂದು ಕೇಳಿದರು. ಇಲ್ಲ ಅಂದೆ. ಅಲ್ಲಿಗೆ ಸಂದರ್ಶನ ಮುಗಿಯಿತು.

ಫಸ್ಟ್ ಕ್ಲಾಸ್ ಬಂತು. ಘಟಿಕೋತ್ಸವದಲ್ಲಿ ಕಪ್ಪು ಗೌನು ಹಾಕಿಕೊಂಡು ತೆಗೆಸಿದ ಫೋಟೊದ ಎರಡು ಪ್ರತಿಗೆ ಅಪ್ಪ ಕಟ್ಟು ಹಾಕಿಸಿದರು. ಒಂದು ಮನೆಯಲ್ಲಿ ಬುದ್ಧನ ಪಟದ ಪಕ್ಕ. ಇನ್ನೊಂದು ಬಸ್ಸಿನಲ್ಲಿ, ಡ್ರೈವರ್ ತಲೆಯ ಮೇಲೆ, ಮಾಲೀಕರ ಮನೆದೇವರ ಪಟದ ಪಕ್ಕ. ಮಾಲೀಕರು ಬೇಡ ಎನ್ನಲಿಲ್ಲ. ಬೆಳಿಗ್ಗೆ ಡ್ರೈವರ್ ಊದುಬತ್ತಿ ಬೆಳಗುವಾಗ ಅವನ ಕೈ ನನ್ನ ಕಡೆಗೂ ಒಂದು ಸುತ್ತು ಬರುತ್ತಿತ್ತು. ಗೊತ್ತಿಲ್ಲದ ಪ್ರಯಾಣಿಕರು, "ಪಾಪ, ಏನಾಗಿತ್ತು ಹುಡುಗಿಗೆ?" ಎಂದು ಕೇಳುತ್ತಿದ್ದರಂತೆ. ಅಪ್ಪ "ಎಂ.ಬಿ.ಎ." ಎನ್ನುತ್ತಿದ್ದರಂತೆ.

ಕಾರು ಯಾರೂ ಕಳಿಸಲಿಲ್ಲ. ಹಾಸನದಲ್ಲಿ ಒಂದಷ್ಟು ದಿನ ಅರ್ಜಿ ಹಾಕುತ್ತಾ ಕಳೆದೆ. ಬೆಂಗಳೂರಿಗೂ ಹೋಗಿ ಬಂದೆ. ಅಲ್ಲಿ ಸಿಕ್ಕ ಸಂಬಳ ಹಾಸ್ಟೆಲ್ ಬಾಡಿಗೆಗೆ ಸಾಲದೆ, ಕೆಲಸ ಮಾಡಬೇಕಾದರೆ ಮನೆಯಿಂದ ದುಡ್ಡು ತರಿಸಬೇಕಾದ ಪರಿಸ್ಥಿತಿ ಬಂದಾಗ ವಾಪಸ್ಸಾದೆ. ಕೊನೆಗೆ ಬೇಲೂರಿನ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕಿತು. ಒಂದು ತರಗತಿಗೆ ಇಷ್ಟು ಎಂದು ಲೆಕ್ಕ. ಬೇಸಿಗೆ ರಜೆಯಲ್ಲಿ ತರಗತಿ ಇಲ್ಲ, ಆದ್ದರಿಂದ ನಾನೂ ಇಲ್ಲ. ಕಾಲೇಜಿನ ಗೇಟಿನ ಬೋರ್ಡಿನಲ್ಲಿ "ಎಂ.ಬಿ.ಎ. ಪದವೀಧರ ಉಪನ್ಯಾಸಕರಿಂದ ಬೋಧನೆ" ಎಂದು ಬರೆಸಿದರು. ನನ್ನ ಡಿಗ್ರಿಯಿಂದ ಮೊದಲು ಪ್ರಯೋಜನವಾದದ್ದು ಆ ಬೋರ್ಡ್ ಬರೆದವನಿಗೆ.

ಅಷ್ಟರಲ್ಲಿ ಕಂತು ಕಟ್ಟುವ ಕಾಲ ಬಂತು. ಸಾಲ ಕೊಟ್ಟ ಆಫೀಸರ್ ನಡುವೆ ಬೇರೆ ಊರಿಗೆ ವರ್ಗವಾಗಿ ಹೋಗಿದ್ದರು. ಈಗ ಬಡ್ತಿಯಾಗಿ ಅದೇ ಹಳೇಬೀಡಿಗೆ ಮ್ಯಾನೇಜರ್ ಆಗಿ ಬಂದರು. ಬಡ್ತಿ ಎಂದು ಎಲ್ಲರೂ ಅಭಿನಂದಿಸಿದರು. ತಾವೇ ಸಹಿ ಹಾಕಿ ಕೊಟ್ಟ ಸಾಲಗಳನ್ನೆಲ್ಲ ತಾವೇ ವಸೂಲು ಮಾಡಬೇಕಾದ ಕೆಲಸ ಅದು. ಮನೆ ಅರಸೀಕೆರೆಯಲ್ಲೇ. ಬಸ್ಸು ಅದೇ. ಕಿಟಕಿ ಸೀಟು ಅದೇ.

ಮೊದಮೊದಲು ನಾನು ಕೊಟ್ಟ ದುಡ್ಡಿಗೆ ಅಪ್ಪ ಸ್ವಲ್ಪ ಸೇರಿಸಿ, ಬಸ್ಸು ಹಳೇಬೀಡಿನಲ್ಲಿ ಟೀಗೆ ನಿಂತಾಗ ಓಡಿಹೋಗಿ ಕಟ್ಟಿ ಬರುತ್ತಿದ್ದರು. ಬೇಸಿಗೆ ಬಂದಾಗ ತಪ್ಪಿತು. ಮಳೆಗಾಲದಲ್ಲಿ ಕಾಲೇಜಿನವರು ಸಂಬಳ ತಡ ಮಾಡಿದಾಗ ಮತ್ತೆ ತಪ್ಪಿತು. ಆಮೇಲೆ ತಪ್ಪುವುದೇ ರೂಢಿಯಾಯಿತು. ಜಾವಗಲ್‌ನಲ್ಲಿ ನಾನು ಹತ್ತುವಾಗ ಮ್ಯಾನೇಜರ್ ಒಳಗೆ ಕೂತಿರುತ್ತಿದ್ದರು. ಅಪ್ಪ ಅವರಿಂದ ಟಿಕೆಟ್ ಕಾಸು ಕೇಳಬೇಕು, ಅವರು ಅಪ್ಪನಿಂದ ಕಂತು ಕೇಳಬೇಕು. ಇಬ್ಬರೂ ಮರ್ಯಾದಸ್ಥರು. ಅಪ್ಪ ಏನೂ ಕೇಳದೆ ಟಿಕೆಟ್ ಹರಿದು ಕೊಡುತ್ತಿದ್ದರು. ಅವರು ಏನೂ ಹೇಳದೆ ಸರಿಯಾದ ಚಿಲ್ಲರೆ ಕೊಡುತ್ತಿದ್ದರು. ಒಮ್ಮೊಮ್ಮೆ ಮಾತ್ರ, "ಮಗಳು ಹೇಗಿದಾಳೆ ಕಂಡಕ್ಟ್ರೇ?" ಅನ್ನುವರು. ಹಿಂದಿನ ಸೀಟಿನಲ್ಲಿ ನಾನೇ ಕೂತಿರುತ್ತಿದ್ದೆ.

ಸಂಜೆ ಅಪ್ಪ ಊಟಕ್ಕೆ ಕೂತಾಗ ಅವ್ವನಿಗೆ ಹೇಳುವರು, "ಇವತ್ತೂ ಕೇಳಿದ್ರು."

"ಏನ್ ಕೇಳಿದ್ರು?"

"ಇವ್ಳು ಹೆಂಗವ್ಳೆ ಅಂತ."

ಅವ್ವ ಮುದ್ದೆ ಬಡಿಸುವುದನ್ನು ನಿಲ್ಲಿಸುವಳು. ನಾನು ಆರೋಗ್ಯವಾಗಿಯೇ ಇದ್ದೆ. ಆದರೂ ಮನೆಯಲ್ಲಿ ಯಾರಿಗೋ ಕಾಯಿಲೆ ಇದ್ದಹಾಗೆ ಇರುತ್ತಿತ್ತು.

ಹೀಗಿರುವಾಗ ಸರ್ಕಾರ ರೈತರ ಸಾಲ ಮನ್ನಾ ಮಾಡುತ್ತದೆ ಎಂಬ ಸುದ್ದಿ ಪೇಪರಿನಲ್ಲಿ ಬಂತು. ಬಸ್ಸಿನ ತುಂಬಾ ಅದೇ ಮಾತು. ಅಪ್ಪನಿಗೆ ಒಂದು ಯೋಚನೆ ಹೊಳೆಯಿತು. ಅರಸೀಕೆರೆಯಲ್ಲಿ ಹತ್ತಿದ ಒಬ್ಬ ಮೇಷ್ಟರನ್ನು ಕೇಳಿದರಂತೆ, "ಓದೋ ಸಾಲ ಮನ್ನಾ ಮಾಡಲ್ವಾ ಸಾರ್?" ಮೇಷ್ಟರು ಪೇಪರಿನಿಂದ ತಲೆ ಎತ್ತದೆ, "ಮಾಡಿದ್ರೆ ಒಳ್ಳೇದೇ" ಅಂದರಂತೆ. ಅಪ್ಪ ಅದನ್ನು ಹಿಂದಿನ ಸೀಟಿನವರಿಗೆ, "ಓದೋ ಸಾಲಾನೂ ಮನ್ನಾ ಮಾಡಬಹುದಂತೆ, ಮೇಷ್ಟ್ರು ಹೇಳ್ತಾವ್ರೆ" ಎಂದು ದಾಟಿಸಿದರು. ನಾನು ಜಾವಗಲ್‌ನಲ್ಲಿ ಹತ್ತುವ ಹೊತ್ತಿಗೆ ಬಸ್ಸಿನಲ್ಲಿ ಅದರ ಚರ್ಚೆ ನಡೆಯುತ್ತಿತ್ತು.

ಕೆಲವು ದಿನ ಕಳೆದು ಗೆಂಡೆಹಳ್ಳಿ ಕಡೆಯ ಒಬ್ಬಾತ ಬೇಲೂರಿನಲ್ಲಿ ಬಸ್ಸು ಹತ್ತಿ ಅಪ್ಪನಿಗೇ ಹೇಳಿದ, "ಕಂಡಕ್ಟರಣ್ಣ, ನಿಂಗೆ ಗೊತ್ತಿಲ್ವಾ? ಓದೋ ಸಾಲ ಎಲ್ಲಾ ಮನ್ನಾ ಆಗೋಯ್ತು."

ಅಪ್ಪ ಮನೆಗೆ ಬಂದು ಅಂಗಿ ಬಿಚ್ಚದೆಯೇ ಕೂತರು. ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ. "ನಾನು ಬರೀ ಅಂದ್ಕೊಂಡಿದ್ದೆ. ಈಗ ಬೇರೇರೂ ಹೇಳ್ತಾವ್ರೆ. ಅಂದ್ಮೇಲೆ ಹೌದು ಅಂತ ಆಯ್ತು."

"ಅಪ್ಪ, ಅದು ನೀವೇ ಹೇಳಿದ್ದು ತಿರುಗಿ ಬಂದಿರೋದು" ಅಂದೆ.

"ನಾನು ಹೇಳಿದ್ದು ಅರಸೀಕೆರೆ ಕಡೆ. ಆವಯ್ಯ ಗೆಂಡೆಹಳ್ಳಿಯೋನು."

ಆ ತಿಂಗಳು ಕಟ್ಟಲು ಸ್ವಲ್ಪ ದುಡ್ಡು ಹೊಂದಿಸಿದ್ದೆ. ಮನ್ನಾ ಆಗೋ ಸಾಲಕ್ಕೆ ಯಾಕೆ ಕಟ್ಟೋದು ಎಂದು ಅಪ್ಪ ಅದನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಮನೆಗೆ ಹೆಂಚು ತರಿಸಿದಳು.

ಆಮೇಲೆ ಒಂದು ಬೆಳಿಗ್ಗೆ. ನಾನು ಅದೇ ಬಸ್ಸಿನಲ್ಲಿದ್ದೆ. ಜಾವಗಲ್ ದಾಟಿ ಹಳೇಬೀಡಿಗೆ ಇನ್ನೂ ದೂರವಿತ್ತು. ಮಗನನ್ನು ಡಿಪ್ಲೊಮಾಗೆ ಸೇರಿಸಿದ್ದ ಒಬ್ಬ ರೈತ ಎದ್ದು ಬಂದು, ಕಂಬಿ ಹಿಡಿದು, ಮ್ಯಾನೇಜರ ಪಕ್ಕ ನಿಂತ.

"ಸಾರ್, ಓದೋ ಸಾಲ ಮನ್ನಾ ಆಯ್ತಲ್ಲ, ಅದರ ಪೇಪರು ಯಾವಾಗ ಕೊಡ್ತೀರಿ?"

"ಯಾವ ಪೇಪರು?"

"ಸಾಲ ಇಲ್ಲ ಅಂತ."

ಮ್ಯಾನೇಜರ್ ಕನ್ನಡಕ ತೆಗೆದರು. "ಹಂಗೇನೂ ಆಗಿಲ್ಲಪ್ಪ. ಮನ್ನಾ ಆಗ್ತಿರೋದು ಬೆಳೆ ಸಾಲ. ಓದಿನ ಸಾಲ ಕಟ್ಟಲೇಬೇಕು. ಯಾರು ಹೇಳಿದ್ರು ನಿಮಗೆ?"

"ಎಲ್ರೂ ಹೇಳ್ತಾವ್ರಲ್ಲ ಸಾರ್."

"ಎಲ್ರೂ ಅಂದ್ರೆ ಯಾರು?"

ರೈತ ಅತ್ತ ಇತ್ತ ನೋಡಿದ. ಹೆಂಗಸರ ಸೀಟಿನಿಂದ ಒಬ್ಬಾಕೆ ಸಹಾಯಕ್ಕೆ ಬಂದಳು. "ನಮ್ಗೆ ಕಂಡಕ್ಟರಣ್ಣ ಹೇಳಿದ್ದು."

"ನಮ್ಗೂ" ಎಂದು ಇನ್ನೊಂದು ದನಿ.

ಬಸ್ಸಿನಲ್ಲಿದ್ದವರೆಲ್ಲ ಹಿಂದೆ ತಿರುಗಿದರು. ಅಪ್ಪ ಹಿಂಬಾಗಿಲ ಬಳಿ ನಿಂತಿದ್ದರು. ಒಂದು ಕ್ಷಣ ಎಲ್ಲರನ್ನೂ ನೋಡಿ, ಸೀಟಿ ಊದಿಬಿಟ್ಟರು. ಡ್ರೈವರ್ ಬ್ರೇಕ್ ಹಾಕಿದ. ಎರಡೂ ಕಡೆ ರಾಗಿ ಹೊಲ. ಊರಿಲ್ಲ, ನಿಲ್ದಾಣವಿಲ್ಲ, ಮರವೂ ಇಲ್ಲ.

"ಯಾರ್ರೀ ಇಳಿಯೋರು?" ಎಂದು ಡ್ರೈವರ್ ಕೂಗಿದ.

ಯಾರೂ ಇಳಿಯಲಿಲ್ಲ. ಸೀಟಿ ಊದಿದ ಮೇಲೆ ಯಾರಾದರೂ ಇಳಿಯಲೇಬೇಕೆಂದು ಕಾಣುತ್ತದೆ, ಅಪ್ಪನೇ ಇಳಿದರು. ಹಿಂದಿನ ಚಕ್ರದ ಬಳಿ ಹೋಗಿ ಟೈರನ್ನು ಕಾಲಿನಿಂದ ಒದ್ದು ನೋಡಿದರು. ಬಗ್ಗಿ ಇನ್ನೊಮ್ಮೆ ನೋಡಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಅವರ ಕಿವಿ ಕೆಂಪಾಗಿತ್ತು. ಆಮೇಲೆ ಹತ್ತಿ "ರೈಟ್" ಅಂದರು.

ಹಳೇಬೀಡಿನಲ್ಲಿ ಇಳಿಯುವಾಗ ಮ್ಯಾನೇಜರ್ ಮೆಲ್ಲನೆ, "ಶನಿವಾರ ಮಗಳನ್ನ ಕರ್ಕೊಂಡು ಬನ್ನಿ ಕಂಡಕ್ಟ್ರೇ" ಅಂದರು.

ಆ ದಿನ ಅಪ್ಪ ಬಸ್ಸಿನಲ್ಲಿದ್ದ ನನ್ನ ಫೋಟೊ ಬಿಚ್ಚಿ ತಂದರು. ಒರೆಸೋಕೆ ಅಂತ ತೆಗೆದೆ ಅಂದರು. ಅದು ಮತ್ತೆ ಅಲ್ಲಿಗೆ ಹೋಗಲಿಲ್ಲ. ಫೋಟೊ ಇದ್ದ ಜಾಗದಲ್ಲಿ ಬಣ್ಣ ಮಾಸದ ಒಂದು ಚೌಕ ಉಳಿಯಿತು. ಡ್ರೈವರ್ ಬಹಳ ದಿನ ಅದಕ್ಕೂ ಊದುಬತ್ತಿ ಬೆಳಗುತ್ತಿದ್ದ, ಕೈಗೆ ರೂಢಿಯಾಗಿತ್ತು.

ಶನಿವಾರ ಅಪ್ಪ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಮ್ಯಾನೇಜರ್ ನಮಗೆ ಟೀ ತರಿಸಿದರು. ಟೀ ಬರುವವರೆಗೆ ಮಳೆಯ ಬಗ್ಗೆ ಮಾತಾಡಿದೆವು. ಆಮೇಲೆ ಅಪ್ಪನೇ ಶುರು ಮಾಡಿದರು.

"ಸಾರ್, ನಾನು ಮನ್ನಾ ಆಯ್ತು ಅನ್ನಲಿಲ್ಲ. ಆಗಬಹುದು ಅಂದೆ."

"ಗೊತ್ತು ಕಂಡಕ್ಟ್ರೇ. ನಿಮ್ಮ ಬಸ್ಸಲ್ಲಿ 'ಬಹುದು' ಅನ್ನೋದು ಎರಡು ಸ್ಟಾಪ್ ಕೂಡ ಬರಲ್ಲ, ಇಳಿದು ಹೋಗುತ್ತೆ. ಈಗ ನಮ್ಮ ಶಾಖೆಯಲ್ಲಿ ಓದಿನ ಸಾಲ ತಗೊಂಡವರು ಯಾರೂ ಕಂತು ಕಟ್ತಾ ಇಲ್ಲ."

ಅಪ್ಪ ಲೋಟ ಕೆಳಗಿಟ್ಟರು. "ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬ್ಯಾಡಿ. ಬೆಳೆ ಹೋದ್ರೆ ರೈತನ ಸಾಲ ಬಿಡ್ತೀರಿ. ನಾನು ಇವಳಿಗೆ ಹಾಕಿದ್ದು ಬರಲಿಲ್ಲ. ಇದೂ ಬೆಳೆ ಹೋದಂಗೇ ಅಲ್ವಾ ಸಾರ್?"

ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಅದರಲ್ಲಿ ಒಂದು ಟ್ರ್ಯಾಕ್ಟರ್ ಚಿತ್ರ ಇತ್ತು.

ಮ್ಯಾನೇಜರ್ ತಮ್ಮ ಲೋಟವನ್ನೂ ಪಕ್ಕಕ್ಕಿಟ್ಟರು. "ಬೆಳೆ ಹೋಗಿದೆಯೋ ಇಲ್ಲವೋ ಅಂತ ನೋಡೋಕೆ ನಾವು ಹೊಲಕ್ಕೆ ಹೋಗಬೇಕು. ಇಲ್ಲಿ ಹೊಲಾನೇ ಎದುರಿಗೆ ಕೂತಿದೆ. ಕೇಳಿಬಿಡೋಣ." ನನ್ನ ಕಡೆ ತಿರುಗಿದರು. "ಏನಮ್ಮ, ಹೋಗಿದೆಯಾ?"

ಹೌದು ಎಂದರೆ ಅಪ್ಪನಿಗೆ ಅನುಕೂಲವಾಗುತ್ತಿತ್ತು. ಇಲ್ಲ ಎಂದು ಹೇಳಲು ನನ್ನ ಬಳಿ ಆಧಾರವಿರಲಿಲ್ಲ.

"ಇನ್ನೂ ಗೊತ್ತಿಲ್ಲ ಸರ್" ಅಂದೆ.

"ಹಾಗಾದ್ರೆ ಕಾಯೋಣ" ಅಂದರು. ಮನ್ನಾ ಮಾಡುವುದು ತಮ್ಮ ಕೈಯಲ್ಲಿಲ್ಲ, ಆದರೆ ಕಂತನ್ನು ಚಿಕ್ಕದು ಮಾಡಿ, ಕಾಲವನ್ನು ಉದ್ದ ಮಾಡಲು ಮೇಲಿನವರಿಗೆ ಬರೆಯಬಲ್ಲೆ ಅಂದರು. ಬರೆದರು. ಅದು ಒಪ್ಪಿಗೆಯಾಗಿ ಬಂತು. ಸಾಲ ಕಡಿಮೆಯಾಗಲಿಲ್ಲ, ನಮ್ಮ ಮನೆಯಲ್ಲಿ ಇನ್ನೂ ಹೆಚ್ಚು ವರ್ಷ ಇರುತ್ತದೆ ಎಂದಾಯಿತು. ಅಷ್ಟಕ್ಕೇ ಎಲ್ಲರಿಗೂ ಹಗುರವಾಯಿತು.

ವಾಪಸ್ ಬರುವಾಗ ಬಸ್ಸಿಗೆ ಕಾಯುತ್ತಾ ಅಪ್ಪ ಕೇಳಿದರು, "ಬೆಳೆ ಅಂದಿದ್ದಕ್ಕೆ ಬೇಜಾರಾಯ್ತಾ?"

"ಇಲ್ಲ."

"ಮಾತಿಗೆ ಅಂದೆ ಕಣವ್ವಾ."

"ಗೊತ್ತು ಬಿಡಪ್ಪ."

ಬೇಜಾರಾಗಿತ್ತು. ಎಷ್ಟೆಂದರೆ, ಆ ದಾರಿಯ ಎರಡೂ ಕಡೆ ನಿಂತಿದ್ದ ಪೈರನ್ನು ತುಂಬಾ ದಿನ ನನಗೆ ನೆಟ್ಟಗೆ ನೋಡಲಾಗಲಿಲ್ಲ. ಆದರೆ ಅಪ್ಪ ಅದುವರೆಗೆ ಯಾರ ಹತ್ತಿರವೂ ಏನನ್ನೂ ಬಿಡಿ ಎಂದು ಕೇಳಿದವರಲ್ಲ. ನನಗಾಗಿ ಕೇಳಿದರು, ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಕೇಳಿದರು ಎಂಬುದು ಅರ್ಥವಾಗಲು ಇನ್ನೂ ಸ್ವಲ್ಪ ಕಾಲ ಬೇಕಾಯಿತು.

ಸೋಮವಾರದಿಂದ ಅಪ್ಪ ಬಸ್ಸಿನಲ್ಲಿ ತಮ್ಮ ಮಾತು ವಾಪಸ್ ತೆಗೆದುಕೊಳ್ಳುವ ಕೆಲಸ ಶುರು ಮಾಡಿದರು. ಪ್ರತಿ ಸುತ್ತಿನಲ್ಲೂ ನಡುವೆ ನಿಂತು, "ಓದೋ ಸಾಲ ಮನ್ನಾ ಆಗಿಲ್ಲ, ಕಟ್ಬೇಕು, ನಾನು ಹೇಳಿದ್ದು ತಪ್ಪು" ಎಂದು ಗಟ್ಟಿಯಾಗಿ ಹೇಳುತ್ತಿದ್ದರು. ಜನ ಒಬ್ಬರ ಮುಖ ಒಬ್ಬರು ನೋಡಿ ಕಣ್ಣು ಮಿಟುಕಿಸುತ್ತಿದ್ದರು. ಮ್ಯಾನೇಜರ್ ಹೆದರಿಸಿ ಹೇಳಿಸುತ್ತಿದ್ದಾರೆ ಎಂದೂ, ಕಂಡಕ್ಟರ ಸಾಲ ಒಂದನ್ನು ಮಾತ್ರ ಗುಟ್ಟಾಗಿ ಮನ್ನಾ ಮಾಡಿದ್ದಾರೆ ಎಂದೂ ಹೊಸ ಸುದ್ದಿ ಹುಟ್ಟಿತು. ಈ ಸುದ್ದಿಯನ್ನೂ ಗೆಂಡೆಹಳ್ಳಿಯ ಅದೇ ಮನುಷ್ಯ ಬಂದು ಅಪ್ಪನಿಗೆ ತಿಳಿಸಿದ.

ಆ ದಿನಗಳಲ್ಲೇ ಚಿಕ್ಕಪ್ಪ ಮೈಸೂರು ಪಾಕ್ ಹಿಡಿದುಕೊಂಡು ಮನೆಗೆ ಬಂದರು. ಅವರ ಸೊಸೈಟಿ ಸಾಲ ಮನ್ನಾ ಆಗಿತ್ತು.

"ಯಾವುದು? ಆ ಆಲೂಗಡ್ಡೆ ಸಾಲಾನಾ?" ಎಂದು ಅವ್ವ ಕೇಳಿದಳು.

"ಅದೇ ಅತ್ತಿಗೆ. ಬಡ್ಡಿ ಕಟ್ಟಿ ವರ್ಷ ವರ್ಷ ಹೊಸದು ಮಾಡಿಸ್ತಾ ಇಲ್ಲೀವರ್ಗೂ ಬಂದಿತ್ತು."

ಅವ್ವ ಮೈಸೂರು ಪಾಕ್ ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದಳು. "ಆ ದುಡ್ಡಲ್ವಾ ಇವ್ಳ ಹಾಸ್ಟೆಲ್‌ಗೆ ಕೊಟ್ಟಿದ್ದು?"

ಎಲ್ಲರೂ ನನ್ನ ಕಡೆ ನೋಡಿದರು. ಅಂದರೆ ತುಮಕೂರಿನಲ್ಲಿ ನಾನು ಒಂದು ವರ್ಷ ತಿಂದ ಅನ್ನ, ಸಾರು, ಭಾನುವಾರದ ಚಪಾತಿ ಇಷ್ಟೂ ಆಲೂಗಡ್ಡೆಯ ಹೆಸರಿನಲ್ಲಿ ಮನ್ನಾ ಆಗಿತ್ತು. ಸರ್ಕಾರದ ಮಟ್ಟಿಗೆ ನಾನು ಒಂದು ವರ್ಷ ಆಲೂಗಡ್ಡೆ. ಅಪ್ಪನ ಮುಖ ಬಹಳ ದಿನದ ಮೇಲೆ ಅರಳಿತು.

"ನೋಡಿದ್ರಾ, ನಾನು ಹೇಳಿದ್ದು ಪೂರ್ತಿ ಸುಳ್ಳೇನಲ್ಲ" ಅಂದರು. "ಸ್ವಲ್ಪ ಆಗೈತೆ."

ಇದನ್ನು ಬಸ್ಸಿನಲ್ಲಿ ಹೇಳಬಾರದೆಂದು ಅವ್ವ ಆಣೆ ಹಾಕಿಸಿಕೊಂಡಳು.

ಮುಂದಿನ ಬೇಸಿಗೆಯಲ್ಲಿ ಕಾಲೇಜು ಮುಚ್ಚಿದಾಗ ಮ್ಯಾನೇಜರ್ ಬಸ್ಸಿನಲ್ಲಿ ನನ್ನನ್ನೇ ನೇರವಾಗಿ ಮಾತಾಡಿಸಿದರು. ಹಳೇಬೀಡಿಗೆ ಹತ್ತಿರದ ಹಗರೆ ಎಂಬ ಊರಿನಲ್ಲಿ ಹೆಂಗಸರ ಸ್ವಸಹಾಯ ಸಂಘಗಳಿದ್ದವು. ಹೆಚ್ಚಿನವರು ಹಸು ಕಟ್ಟಿ ಡೈರಿಗೆ ಹಾಲು ಹಾಕುವವರು. ಬ್ಯಾಂಕಿನಿಂದ ಸಾಲ ತೆಗೆಯುವ ಮೊದಲು ಅವರಿಗೆ ಬಡ್ಡಿ, ಉಳಿತಾಯ, ಲೆಕ್ಕ ಇಡುವುದು ಇಷ್ಟನ್ನು ಯಾರಾದರೂ ಹೇಳಿಕೊಡಬೇಕಿತ್ತು. ಕಲಿಸುವವರಿಗೆ ಗೌರವಧನ ಉಂಟು ಅಂದರು. ಗೌರವಧನ ಎಂದರೆ ಸಂಬಳಕ್ಕಿಂತ ಕಡಿಮೆ ಎಂದು ಅಷ್ಟರಲ್ಲಿ ನನಗೆ ತಿಳಿದಿತ್ತು. ಆದರೂ ಹೋದೆ.

ಮೊದಲ ದಿನ ಅಂಗನವಾಡಿಯ ಚಾಪೆಯ ಮೇಲೆ ಕೂತಿದ್ದ ಹೆಂಗಸರ ಮುಂದೆ ನಿಂತು ಬಂಡವಾಳದ ಬಗ್ಗೆ ಮಾತಾಡಿದೆ. ಎಲ್ಲರೂ ಸಭ್ಯವಾಗಿ ಕೇಳಿಸಿಕೊಂಡರು. ಮುಗಿದ ಮೇಲೆ ಏನಾದರೂ ಕೇಳುವುದಿದೆಯಾ ಎಂದೆ. ಹಿರಿಯಳೊಬ್ಬಳು ಸೆರಗು ಸರಿಮಾಡಿಕೊಂಡು ಕೇಳಿದಳು.

"ನೀವು ಸಾಲ ಮಾಡಿದೀರಾ ಮಿಸ್ಸು?"

"ಮಾಡಿದೀನಿ."

"ಏನಕ್ಕೆ?"

"ಓದೋಕೆ. ಇದನ್ನೆಲ್ಲ ಹೇಳ್ಕೊಡೋದು ಕಲಿಯೋಕೆ."

"ತೀರ್ಸಿದ್ರಾ?"

"ಇನ್ನೂ ಇಲ್ಲ."

ಚಾಪೆಯ ಮೇಲೆಲ್ಲ ನಗು ಹರಡಿತು. ಮುಂದಿನ ಸಾಲಿನಲ್ಲಿದ್ದವರು ಕಾಲು ಚಾಚಿ ಆರಾಮವಾಗಿ ಕೂತರು. ನಾನೂ ಪಾಠದ ಹಾಳೆಗಳನ್ನು ಮಡಚಿಟ್ಟು, ನನ್ನ ಸಾಲವನ್ನೇ ಬೋರ್ಡಿನ ಮೇಲೆ ಬರೆದೆ. ಅಸಲು ಎಂದರೇನು, ಕಂತು ತಪ್ಪಿಸಿದರೆ ಏನಾಗುತ್ತದೆ, ಕಾಲ ಉದ್ದ ಮಾಡಿದರೆ ಬಡ್ಡಿ ಹೇಗೆ ಬೆಳೆಯುತ್ತದೆ ಎಲ್ಲವೂ ಅದರಲ್ಲಿ ಇತ್ತು. ಮುಂದಿನ ವಾರಗಳಲ್ಲಿ ನಾನು ಬಂದ ಕೂಡಲೇ, "ಈ ತಿಂಗಳದ್ದು ಕಟ್ಟಿದ್ರಾ?" ಎಂದು ಕೇಳತೊಡಗಿದರು. ಹಗರೆಯ ಹೆಂಗಸರು ನನ್ನ ಕಂತಿನ ಮೇಲೆ ಇಟ್ಟ ನಿಗಾ ಬ್ಯಾಂಕು ಕೂಡ ಇಟ್ಟಿರಲಿಲ್ಲ. ಅವರಿಗೆ ಹೆದರಿ ನಾನು ಆ ವರ್ಷ ಒಂದನ್ನೂ ತಪ್ಪಿಸಲಿಲ್ಲ.

ಸೆರಗು ಸರಿಮಾಡಿಕೊಂಡು ಕೇಳಿದ ಆ ಹಿರಿಯಳು ಒಂದು ದಿನ ಮಗಳನ್ನು ಕರೆದುಕೊಂಡು ಬಂದಳು. ನರ್ಸಿಂಗ್ ಓದಿಸಲು ಸಾಲ ತೆಗೆಯಬೇಕಂತೆ, ನರ್ಸಿಂಗ್ ಆದವರಿಗೆ ಕೆಲಸ ಗ್ಯಾರಂಟಿಯಂತೆ. ನಾನು ಹುಡುಗಿಯನ್ನು ಪಕ್ಕಕ್ಕೆ ಕರೆದು, ನಿನಗೆ ಇಷ್ಟವಾ ಎಂದು ಕೇಳಿದೆ.

"ರಕ್ತ ನೋಡಿದ್ರೆ ತಲೆ ಸುತ್ತುತ್ತೆ ಮಿಸ್" ಅಂದಳು.

"ಅಮ್ಮನಿಗೆ ಹೇಳಿದ್ಯಾ?"

"ಅಮ್ಮ ರೂಢಿ ಆಯ್ತದೆ ಅಂತಾಳೆ."

ಸಾಲ ಬೇಡ ಎಂದು ತಾಯಿಗೆ ಹೇಳಿದೆ. ಆಕೆ ನನ್ನ ಜೊತೆ ಬಹಳ ದಿನ ಮಾತು ಬಿಟ್ಟಿದ್ದಳು. ಹುಡುಗಿ ಬೇಲೂರಿನಲ್ಲಿ ಬಿ.ಎ. ಸೇರಿದಳು. ಸಾಲ ಆಗಲಿಲ್ಲ, ಕೆಲಸವೂ ಬಹಳ ಕಾಲ ಆಗಲಿಲ್ಲ. ಈಗ ಅವಳು ಹಾಲಿನ ಡೈರಿಯಲ್ಲಿ ಸೆಕ್ರೆಟರಿ. ನನ್ನ ಸಲಹೆ ಒಳ್ಳೆಯದಾಗಿತ್ತೇ ಎಂದು ಕೇಳಿದರೆ ಇಂದಿಗೂ ಹೇಳಲಾರೆ. ಅವಳ ತಾಯಿಯಂತೂ ಹೇಳುವುದಿಲ್ಲ.

ಹಗರೆಯ ಸಂಘಗಳು ಚೆನ್ನಾಗಿ ನಡೆದದ್ದರಿಂದ, ಇಂಥ ತರಬೇತಿಗಳನ್ನು ನಡೆಸುವ ಒಂದು ಸಂಸ್ಥೆಯವರು ನನ್ನನ್ನು ಕಾಯಂ ಕೆಲಸಕ್ಕೆ ಕರೆದರು. ಅರ್ಹತೆ ಯಾವುದಾದರೂ ಪದವಿ ಎಂದಿತ್ತು. ಜೊತೆಗೆ ದ್ವಿಚಕ್ರ ವಾಹನ ಇರಬೇಕು ಎಂದಿತ್ತು. ಸ್ಕೂಟಿ ಕೊಳ್ಳಲು ಸಾಲ ಕೇಳಿದೆ. ಅದು ಅರ್ಧ ಗಂಟೆಯಲ್ಲಿ ಸಿಕ್ಕಿತು, ಓದು ಮುಗಿದ ಮೇಲೆ ಏನು ಮಾಡುತ್ತೀಯ ಎಂದು ಯಾರೂ ಕೇಳಲಿಲ್ಲ.

ಓದಿನ ಸಾಲದ ಕೊನೆಯ ಕಂತು ಕಟ್ಟುವಾಗ ಆ ಮ್ಯಾನೇಜರ್ ಮತ್ತೆ ವರ್ಗವಾಗಿ ಹೋಗಿದ್ದರು. ಅಪ್ಪನೂ ವಯಸ್ಸಾಯಿತೆಂದು ಬಸ್ಸಿನ ಕೆಲಸ ಬಿಟ್ಟಿದ್ದರು. ಜೊತೆಗೆ ಬರುತ್ತೇನೆಂದು ಹಟ ಹಿಡಿದರು. ಕೌಂಟರಿನಲ್ಲಿದ್ದ ಹುಡುಗ ಕಂಪ್ಯೂಟರ್ ನೋಡಿಕೊಂಡೇ, "ಕ್ಲೋಸ್ ಆಯ್ತು ಮೇಡಂ" ಅಂದ. ಅಪ್ಪ ಇನ್ನೇನೋ ಇದೆ ಎಂದು ಅಲ್ಲೇ ನಿಂತಿದ್ದರು. ಏನೂ ಇರಲಿಲ್ಲ. ಹಿಂದಿನವರಿಗೆ ಜಾಗ ಬಿಟ್ಟು ಹೊರಗೆ ಬಂದೆವು.

ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು. ಅಪ್ಪ ಕೈ ತೊಳೆದು ಬಂದು, ಕಾಫಿಗೆ ಹೇಳಿ, ಕೇಳಿದರು.

"ಮಗಾ, ಒಂದು ಮಾತು. ಎಂ.ಬಿ.ಎ. ಅಂದ್ರೆ ಅದ್ರಾಗೆ ಏನ್ ಹೇಳ್ಕೊಡ್ತಾರೆ?"

ಇಷ್ಟು ವರ್ಷ ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನು ಹೇಳತೊಡಗಿದೆ. ಒಂದು ವ್ಯಾಪಾರ ಹೇಗೆ ಶುರುವಾಗುತ್ತದೆ, ದುಡ್ಡು ಎಲ್ಲಿಂದ ತರುತ್ತಾರೆ, ಜನರ ಹತ್ತಿರ ಕೆಲಸ ಹೇಗೆ ಮಾಡಿಸುತ್ತಾರೆ, ಯಾಕೆ ಕೆಲವು ಮುಳುಗುತ್ತವೆ. ಸೋಪಿನ ಎರಡು ಕಂಪನಿಗಳ ಜಗಳವನ್ನೂ ಹೇಳಿದೆ. ಅಪ್ಪ ಲೋಟ ಹಿಡಿದುಕೊಂಡು ಪೂರ್ತಿ ಕೇಳಿದರು. ಹೊರಗೆ ಬೇಲೂರಿನ ಬಸ್ಸು ಬಂದು ನಿಂತು ಹೋಯಿತು, ತಿರುಗಿ ನೋಡಲಿಲ್ಲ.

"ಕೊನೆಗೆ ಯಾವ ಸೋಪಿನೋರು ಗೆದ್ರು?"

ಹೇಳಿದೆ.

"ಚೆನ್ನಾಗೈತೆ" ಅಂದರು. "ಸಾಲ ಮಾಡಿ ಓದೋವಂಥದ್ದೇ."

ಆಮೇಲೆ ಕಾಫಿ ಆರಿಹೋಗಿದೆ ಎಂದು ಹೇಳಿ ಇನ್ನೊಂದು ತರಿಸಿಕೊಂಡರು.